ಎಂಜಿನ್ ಒಡೆಯನದು, ಕೀಲಿ ಯಾರದು?

ಸ್ಪೋರ್ಟ್ಸ್ ಕಾರಿಗೆ ಹೊಸ ಇಸಿಯು ಹಾಕಿಸಲು ಹೊರಟವನು ಮೊದಲ ತಿಂಗಳನ್ನು ಕಂಪನಿಗಳ ಹೆಸರಿನಲ್ಲೇ ಕಳೆಯುತ್ತಾನೆ. ಹಾಲ್‌ಟೆಕ್ ಮೇಲೋ ಲಿಂಕ್ ಮೇಲೋ, ಮೋಟೆಕ್‌ಗೆ ಅಷ್ಟು ದುಡ್ಡು ಸುರಿಯಬೇಕೋ, ಮೆಗಾಸ್ಕ್ವರ್ಟ್ ಸಾಕೋ. ಗೆಳೆಯರಲ್ಲಿ ಎರಡು ಬಣವಾಗುತ್ತದೆ. ಪ್ರತಿಯೊಬ್ಬರೂ ತಾವು ಕೊಂಡದ್ದನ್ನೇ ಹೊಗಳುತ್ತಾರೆ. ಇಷ್ಟೆಲ್ಲ ಮಾತಿನ ನಡುವೆ ಕೇಳಲೇಬೇಕಾದ ಪ್ರಶ್ನೆಯೊಂದು ಹಾಗೆಯೇ ಉಳಿಯುತ್ತದೆ: ಕೆಲಸ ಮುಗಿದ ಮೇಲೆ ಆ ಪೆಟ್ಟಿಗೆಯೊಳಗಿನ ಮ್ಯಾಪ್ ಯಾರ ಕೈಯಲ್ಲಿರುತ್ತದೆ? ಕಾರಿನ ಒಡೆಯನ ಕೈಯಲ್ಲೋ, ಅದನ್ನು ಬರೆದ ಟ್ಯೂನರ್ ಕೈಯಲ್ಲೋ? ಇದಕ್ಕೆ ಉತ್ತರ ಪಡೆಯದೆ ಮುಂಗಡ ಕೊಟ್ಟವನು ಎಷ್ಟೇ ದುಬಾರಿ ಪೆಟ್ಟಿಗೆ ಕೊಂಡರೂ ತಪ್ಪು ಪೆಟ್ಟಿಗೆಯನ್ನೇ ಕೊಂಡಿರುತ್ತಾನೆ.

ಇಸಿಯು ಎಂದರೆ ಎಂಜಿನ್ನಿನ ಕಂಪ್ಯೂಟರ್. ಎಂಜಿನ್ ಎಷ್ಟು ವೇಗದಲ್ಲಿ ಸುತ್ತುತ್ತಿದೆ, ಎಷ್ಟು ಗಾಳಿ ಎಳೆಯುತ್ತಿದೆ ಎಂಬುದನ್ನು ಸೆನ್ಸರ್‌ಗಳಿಂದ ತಿಳಿದು, ಎಷ್ಟು ಪೆಟ್ರೋಲ್ ಬಿಡಬೇಕು, ಯಾವ ಕ್ಷಣದಲ್ಲಿ ಕಿಡಿ ಹಾರಿಸಬೇಕು ಎಂದು ಅದು ನಿರ್ಧರಿಸುತ್ತದೆ. ಕಾರ್ಖಾನೆಯ ಕಂಪ್ಯೂಟರ್ ಈ ಲೆಕ್ಕವನ್ನು ಕಾರ್ಖಾನೆಯ ಎಂಜಿನ್ನಿಗೆ ಹೊಂದುವಂತೆ ಮಾಡುತ್ತದೆ. ಕ್ಯಾಮ್‌ಶಾಫ್ಟ್ ಬದಲಿಸಿದರೆ, ಟರ್ಬೊ ಕೂರಿಸಿದರೆ, ದೊಡ್ಡ ಇಂಜೆಕ್ಟರ್ ಹಾಕಿದರೆ ಆ ಲೆಕ್ಕ ತಪ್ಪುತ್ತದೆ. ಆಗ ಬೇಕಾಗುವುದು ಹೊಸದಾಗಿ ಬರೆಯಬಲ್ಲ ಕಂಪ್ಯೂಟರ್. ಅದರ ಹೃದಯ ಒಂದು ಕೋಷ್ಟಕ. ಒಂದು ಬದಿಗೆ ಎಂಜಿನ್ನಿನ ವೇಗ, ಇನ್ನೊಂದು ಬದಿಗೆ ಅದರ ಮೇಲಿನ ಹೊರೆ. 16ಕ್ಕೆ 16 ಎಂದರೆ 256 ಮನೆಗಳು, ಚೌಕಾಬಾರದ ಹಾಸಿನ ಹಾಗೆ. ಪ್ರತಿ ಮನೆಯಲ್ಲೂ ಒಂದು ಅಂಕಿ. ಪೆಟ್ರೋಲಿಗೆ ಇಂಥದೊಂದು ಹಾಸು, ಕಿಡಿಗೆ ಇನ್ನೊಂದು. ಈ ಅಂಕಿಗಳೇ ಮ್ಯಾಪ್.

ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ಈ ಲೆಕ್ಕವನ್ನು ಸರಿಯಾಗಿ ಮಾಡುವ ಪೆಟ್ಟಿಗೆಗಳಿಗೆ ಇಂದು ಬರವಿಲ್ಲ. ಆಸ್ಟ್ರೇಲಿಯಾದ ಹಾಲ್‌ಟೆಕ್ ಮತ್ತು ಮೋಟೆಕ್ 1980ರ ದಶಕದಿಂದ ಇದೇ ಕಸುಬಿನಲ್ಲಿವೆ. ಬ್ರೂಸ್ ಬೌಲಿಂಗ್ ಮತ್ತು ಆಲ್ ಗ್ರಿಪ್ಪೊ ರೂಪಿಸಿದ ಮೆಗಾಸ್ಕ್ವರ್ಟ್ ಮನೆಯಲ್ಲೇ ಬೆಸುಗೆ ಹಾಕಿ ಜೋಡಿಸಿಕೊಳ್ಳುವವರಿಗೆ ದಾರಿ ತೆರೆಯಿತು. ಆರ್ಡುಯಿನೊ ಫಲಕದ ಮೇಲೆ ನಡೆಯುವ ಸ್ಪೀಡುಯಿನೊ ತನ್ನ ಪೂರ್ತಿ ಒಳಗುಟ್ಟನ್ನೇ ಬಯಲಲ್ಲಿ ಇಟ್ಟಿದೆ. ಇವುಗಳ ನಡುವೆ ವ್ಯತ್ಯಾಸಗಳಿವೆ. ಆದರೆ ವಾರಾಂತ್ಯದಲ್ಲಿ ಟ್ರ್ಯಾಕಿಗೆ ಹೋಗುವ ಕಾರಿನಲ್ಲಿ ಪಿಸ್ಟನ್ ತೂತಾಗುವುದು ಪೆಟ್ಟಿಗೆಯ ಬ್ರ್ಯಾಂಡಿನಿಂದಲ್ಲ, 256 ಮನೆಗಳಲ್ಲಿ ಕೂತ ತಪ್ಪು ಅಂಕಿಗಳಿಂದ.

ಆ ಅಂಕಿಗಳಿಗೇ ಬೀಗ ಬೀಳುತ್ತದೆ. ಮ್ಯಾಪಿಗೆ ಪಾಸ್‌ವರ್ಡ್ ಹಾಕುವ ಸೌಲಭ್ಯ ಹಲವು ಕಂಪನಿಗಳ ತಂತ್ರಾಂಶದಲ್ಲಿದೆ. ಅದನ್ನು ಬಳಸುವ ಟ್ಯೂನರ್, ಡೈನೋ ಮೇಲೆ ಕಾರು ಓಡಿಸಿ, ಅಂಕಿಗಳನ್ನು ತುಂಬಿ, ಬೀಗ ಹಾಕಿ ಕಳಿಸುತ್ತಾನೆ. ಪೆಟ್ಟಿಗೆಗೆ ಹಣ ಕೊಟ್ಟವನು ಒಡೆಯ, ಡೈನೋ ಬಾಡಿಗೆ ಕೊಟ್ಟವನು ಒಡೆಯ, ಟ್ಯೂನರ್ ಕೂಲಿ ಕೊಟ್ಟವನೂ ಒಡೆಯ. ತನ್ನ ಎಂಜಿನ್ನಿಗೆ ಎಷ್ಟು ಡಿಗ್ರಿ ಮುಂಚೆ ಕಿಡಿ ಹಾರುತ್ತಿದೆ ಎಂದು ನೋಡುವ ಹಕ್ಕು ಮಾತ್ರ ಅವನಿಗಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ.

ಇದು ಬರೀ ತತ್ವದ ಜಗಳವಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿಯ ಗಾಳಿಯ ಒತ್ತಡ ಸುಮಾರು 91 ಕಿಲೊಪ್ಯಾಸ್ಕಲ್. ಚೆನ್ನೈಯಲ್ಲಿ, ಮುಂಬೈಯಲ್ಲಿ 101ರ ಆಸುಪಾಸು. ಟರ್ಬೊ ಇಲ್ಲದ ಎಂಜಿನ್ನಿಗೆ ಬೆಂಗಳೂರಿನಲ್ಲಿ ಮ್ಯಾಪ್ ಬರೆದರೆ, ಒತ್ತಡವನ್ನೇ ಹೊರೆಯಾಗಿ ಎಣಿಸುವ ಕೋಷ್ಟಕದ ಮೇಲಿನ ಸಾಲುಗಳನ್ನು ಆ ಎಂಜಿನ್ ಮುಟ್ಟುವುದೇ ಇಲ್ಲ. ಪೆಡಲ್ ಪೂರ್ತಿ ಒತ್ತಿದರೂ 91ಕ್ಕೆ ನಿಲ್ಲುತ್ತದೆ. ಮೇಲಿನ ಮನೆಗಳನ್ನು ಟ್ಯೂನರ್ ಅಂದಾಜಿನಿಂದ ತುಂಬುತ್ತಾನೆ, ತುಂಬಲೇಬೇಕು. ಅದೇ ಕಾರು ಘಟ್ಟ ಇಳಿದು ಚೆನ್ನೈ ಹೊರವಲಯದ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಹೋದಾಗ, ಸೆಕೆಯಲ್ಲಿ, ಪೂರ್ತಿ ಹೊರೆಯಲ್ಲಿ, ಮೊದಲ ಬಾರಿಗೆ ಆ ಅಂದಾಜಿನ ಮನೆಗಳಿಗೆ ಕಾಲಿಡುತ್ತದೆ. ನಾಕಿಂಗ್ ಆಗುವ ಸಂಭವ ಹೆಚ್ಚಿರುವುದೂ ಅಲ್ಲೇ. ಅಂದಾಜು ಸರಿಯಿದೆಯೇ ಎಂದು ನೋಡಬೇಕಾದದ್ದು ಚೆನ್ನೈಯಲ್ಲಿ. ಪಾಸ್‌ವರ್ಡ್ ಇರುವುದು ಬೆಂಗಳೂರಿನಲ್ಲಿ.

ಎರಡನೆಯ ಸಂಗತಿ ಬಂಕಿನದು. ಶೇ 20 ಎಥನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಈಗ ಅದು ದೇಶದ ಸಾಮಾನ್ಯ ಪೆಟ್ರೋಲ್. ಒಂದು ಕಿಲೊ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೊ ಗಾಳಿ ಬೇಕು, ಎಥನಾಲ್‌ಗೆ 9 ಕಿಲೊ ಸಾಕು. ಹಾಗಾಗಿ ಶೇ 10 ಬೆರೆತ ಇಂಧನಕ್ಕೆ ಸುಮಾರು 14.1, ಶೇ 20 ಬೆರೆತದ್ದಕ್ಕೆ ಸುಮಾರು 13.5. ಹಳೆಯ ಇಂಧನಕ್ಕೆ ಬರೆದ ಮ್ಯಾಪ್ ಹಾಗೆಯೇ ಉಳಿದರೆ, ಅಷ್ಟೇ ಹೊತ್ತು ತೆರೆದ ಇಂಜೆಕ್ಟರ್ ಈಗ ಸುಮಾರು ಶೇ 4ರಷ್ಟು ಕಡಿಮೆ ಇಂಧನ ಬಿಟ್ಟ ಹಾಗೆ. ನಿಧಾನವಾಗಿ ಓಡುವಾಗ ಆಕ್ಸಿಜನ್ ಸೆನ್ಸರ್ ಇದನ್ನು ಸರಿದೂಗಿಸುತ್ತದೆ. ಪೆಡಲ್ ಪೂರ್ತಿ ಒತ್ತಿದಾಗ ಅನೇಕ ಕಾರುಗಳಲ್ಲಿ ಆ ತಿದ್ದುಪಡಿ ಇರುವುದಿಲ್ಲ. ಎಥನಾಲ್‌ಗೆ ನಾಕಿಂಗ್ ತಡೆಯುವ ಗುಣವಿದೆ, ನಿಜ. ಮ್ಯಾಪ್ ತೆರೆದಿದ್ದರೆ ಕಿಡಿಯನ್ನು ತುಸು ಮುಂಚೆ ಹಾರಿಸಿ ಅದರ ಲಾಭವನ್ನೂ ಪಡೆಯಬಹುದು. ಬೀಗ ಹಾಕಿದ ಮ್ಯಾಪಿನ ಒಡೆಯನಿಗೆ ನಷ್ಟ ತಪ್ಪಿಸಿಕೊಳ್ಳುವ ದಾರಿಯೂ ಇಲ್ಲ, ಲಾಭ ಪಡೆಯುವ ದಾರಿಯೂ ಇಲ್ಲ.

ಟ್ಯೂನರ್‌ಗಳ ವಾದವನ್ನೂ ಕೇಳಬೇಕು, ಅದರಲ್ಲಿ ಹುರುಳಿದೆ. ವರ್ಷಗಟ್ಟಲೆ ಕಲಿತ ವಿದ್ಯೆಯನ್ನು ಪಕ್ಕದ ಗ್ಯಾರೇಜಿನವನು ಪೆನ್‌ಡ್ರೈವ್‌ನಲ್ಲಿ ಕದ್ದು ಹತ್ತು ಕಾರಿಗೆ ಹಾಕುತ್ತಾನೆ ಎಂಬುದು ಒಂದು. ಒಡೆಯ ತಾನೇ ಅಂಕಿ ಕೆದಕಿ, ಎಂಜಿನ್ ಸುಟ್ಟುಕೊಂಡು, ಟ್ಯೂನರ್ ಮೇಲೆ ಗೂಬೆ ಕೂರಿಸುತ್ತಾನೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸುಲಭ: ಒಂದು ಎಂಜಿನ್ನಿನ ಮ್ಯಾಪ್ ಇನ್ನೊಂದಕ್ಕೆ ಹಾಗೆಯೇ ಹೊಂದುವುದಿಲ್ಲ, ಹೊಂದುತ್ತದೆ ಎಂದರೆ ಅಲ್ಲಿ ವಿಶೇಷ ವಿದ್ಯೆಯೇನೂ ಖರ್ಚಾಗಿಲ್ಲ. ಎರಡನೆಯದಕ್ಕೆ ಬೀಗ ಬೇಕಿಲ್ಲ, ದಾಖಲೆ ಸಾಕು. ಕೆಲಸ ಮುಗಿದ ದಿನದ ಫೈಲಿನ ಒಂದು ಪ್ರತಿ ಟ್ಯೂನರ್ ಬಳಿ, ಒಂದು ಒಡೆಯನ ಬಳಿ. ನಾಳೆ ಎಂಜಿನ್ ಕೆಟ್ಟರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಯಾರು ಕೈಯಾಡಿಸಿದರೆಂದು ಗೊತ್ತಾಗುತ್ತದೆ. ಬೀಗವಿದ್ದಲ್ಲಿ ಟ್ಯೂನರ್ ಪೆಟ್ರೋಲನ್ನು ದೂರುತ್ತಾನೆ, ಗ್ಯಾರೇಜಿನವನು ಮ್ಯಾಪನ್ನು ದೂರುತ್ತಾನೆ, ಬಿಲ್ ಮಾತ್ರ ಒಡೆಯನಿಗೆ ಬರುತ್ತದೆ.

ಹಾಗೆಂದು ತೆರೆದ ಪೆಟ್ಟಿಗೆಯೆಲ್ಲ ಒಳ್ಳೆಯದು ಎನ್ನುವ ಭ್ರಮೆಯೂ ಬೇಡ. ಬೆಸುಗೆ ಸಡಿಲವಿದ್ದರೆ, ಅರ್ಥಿಂಗ್ ಸರಿಯಿಲ್ಲದಿದ್ದರೆ ಸ್ಪೀಡುಯಿನೊ ಆಗಲಿ ಮೋಟೆಕ್ ಆಗಲಿ ಕೈಕೊಡುತ್ತದೆ. ಪೆಟ್ಟಿಗೆಯ ಬೆಲೆ ಮಾತ್ರ ನೋಡಿ ಜೇಬು ಅಳೆಯುವವನು ಸೆನ್ಸರ್‌ಗಳನ್ನು ಮರೆಯುತ್ತಾನೆ. 1989ರಲ್ಲಿ ಬಂದ ಮಜ್ದಾ ಎಂಎಕ್ಸ್-5 ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಮೊದಲ 1.6 ಲೀಟರ್ ಮ್ಯಾನ್ಯುವಲ್ ಕಾರಿನಲ್ಲಿ ಥ್ರಾಟಲ್ ಬಳಿ ಇರುವುದು ಬರೀ ಸ್ವಿಚ್. ಪೂರ್ತಿ ಮುಚ್ಚಿದೆ, ಪೂರ್ತಿ ತೆರೆದಿದೆ ಎಂಬೆರಡು ಮಾತಷ್ಟೇ ಅದಕ್ಕೆ ಬರುತ್ತದೆ. ಥ್ರಾಟಲ್ ಎಷ್ಟು ತೆರೆದಿದೆ ಎಂದು ಹೊಸ ಕಂಪ್ಯೂಟರಿಗೆ ತಿಳಿಯಬೇಕಾದರೆ ಬೇರೆ ಸೆನ್ಸರ್ ಕೂರಿಸಬೇಕು. ಆದರೂ ಆ ಕಾರಿನವರು ದಾರಿ ತಪ್ಪುವುದು ಕಡಿಮೆ. ಅದರ ಮ್ಯಾಪ್‌ಗಳು, ವೈರಿಂಗ್ ನಕ್ಷೆಗಳು ಜಗತ್ತಿನಾದ್ಯಂತ ಕೈಯಿಂದ ಕೈಗೆ ದಾಟಿವೆ. ಒಬ್ಬ ಟ್ಯೂನರ್ ಕೈಬಿಟ್ಟರೆ ಇನ್ನೊಬ್ಬ ಮುಂದುವರಿಸಬಲ್ಲ.

ಆದ್ದರಿಂದ ಆಯ್ಕೆಯ ಸರದಿಯನ್ನು ತಿರುವಿ ಹಾಕಬೇಕು. ಮೊದಲು ಮ್ಯಾಪ್ ಫೈಲ್ ತೆರೆದ ರೂಪದಲ್ಲಿ ಕೈಗೆ ಸಿಗುತ್ತದೆಯೇ ಎಂಬುದು. ಆಮೇಲೆ ಆ ಪೆಟ್ಟಿಗೆ ಬಲ್ಲವರು, ಹೋಗಿಬರುವಷ್ಟು ದೂರದಲ್ಲಿ, ಕನಿಷ್ಠ ಇಬ್ಬರಾದರೂ ಇದ್ದಾರೆಯೇ ಎಂಬುದು. ನಂತರ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್, ಎಥನಾಲ್ ಪ್ರಮಾಣ ಅಳೆಯುವ ಸೆನ್ಸರ್‌ಗೆ ಜಾಗ, ಆಯಿಲ್ ಒತ್ತಡ ಕುಸಿದರೆ ಎಂಜಿನ್ ತಾನೇ ನಿಲ್ಲುವ ಏರ್ಪಾಡು. ಕಂಪನಿಯ ಹೆಸರು ಕೊನೆಗೆ. ಈ ಮಾತೆಲ್ಲ ಟ್ರ್ಯಾಕಿನ ಕಾರಿಗೆ. ಸಾರ್ವಜನಿಕ ರಸ್ತೆಯಲ್ಲಿ ಓಡುವ ಕಾರಿಗೆ ಹೊಗೆಯ ನಿಯಮವಿದೆ, ಮ್ಯಾಪ್ ತೆರೆದಿದೆ ಎಂಬ ಕಾರಣಕ್ಕೆ ಅದು ಸಡಿಲವಾಗುವುದಿಲ್ಲ.

ಮುಂಗಡ ಕೊಡುವ ಮೊದಲು ಬಿಲ್ಲಿನ ಮೇಲೆ ಒಂದು ಸಾಲು ಬರೆಸಿಕೊಳ್ಳಲು ಖರ್ಚೇನೂ ಇಲ್ಲ: ಪಾಸ್‌ವರ್ಡ್ ಇಲ್ಲದ ಮ್ಯಾಪ್ ಫೈಲನ್ನು ಕಾರಿನ ಜೊತೆಗೇ ಒಪ್ಪಿಸಲಾಗುವುದು. ಆ ಸಾಲಿಗೆ ಸಹಿ ಹಾಕುವ ಟ್ಯೂನರ್ ಯಾವ ಪೆಟ್ಟಿಗೆಯನ್ನು ಚೆನ್ನಾಗಿ ಬಲ್ಲನೋ, ಕೊಳ್ಳಬೇಕಾದದ್ದು ಆ ಪೆಟ್ಟಿಗೆಯನ್ನೇ.