ಸತ್ತಿದ್ದು ಲ್ಯಾಪ್‌ಟಾಪ್ ಅಲ್ಲ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿಯಿತು. ಟಿಪಿಎಂ 2.0 ಇಲ್ಲದ ಲ್ಯಾಪ್‌ಟಾಪ್‌ಗಳೆಲ್ಲ ಇನ್ನು ಗುಜರಿಗಂತೆ. ಅಲ್ರೀ, ಸಪೋರ್ಟ್ ನಿಂತರೆ ಮಷೀನು ಸತ್ತಂತಾ?

ನನ್ನ 2008ರ ಥಿಂಕ್‌ಪ್ಯಾಡ್ ಎಕ್ಸ್200ರಲ್ಲಿ ಓಪನ್‌ಬಿಎಸ್‌ಡಿ ಓಡ್ತಿದೆ. ಕೋಡ್ ಬರೀತೀನಿ, ಮೇಲ್ ನೋಡ್ತೀನಿ. ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ಬರುತ್ತೆ, ಪುಕ್ಕಟೆ. ಕೀಬೋರ್ಡ್ ಕೆಟ್ಟಾಗ ಸ್ಕ್ರೂ ಬಿಚ್ಚಿ ನಾನೇ ಬದಲಾಯಿಸಿದೆ. ಬ್ಲೂಟೂತ್ ಇಲ್ಲ, ನಿಜ. ಓಪನ್‌ಬಿಎಸ್‌ಡಿಯವರು 2014ರಲ್ಲೇ ಅದನ್ನು ಕಿತ್ತುಹಾಕಿದರು. ಯೂಟ್ಯೂಬ್ ಸ್ವಲ್ಪ ತಡವರಿಸುತ್ತೆ. ತಡವರಿಸಲಿ ಬಿಡಿ.

ಊರಲ್ಲಿ ಪಂಪ್‌ಸೆಟ್ ಮೋಟಾರ್ ಸುಟ್ಟರೂ ಅಪ್ಪ ರಿವೈಂಡಿಂಗ್ ಮಾಡಿಸ್ತಾರೆ. ಬಿಇ ಓದಿದ ನಾವು ಓಡ್ತಿರೋ ಮಷೀನು ಎಸೆದು ಹೊಸದಕ್ಕೆ ಇಎಂಐ ಕಟ್ತೀವಿ. ಇಂಜಿನಿಯರುಗಳಂತೆ!

ನಿಮ್ಮ ಅಟ್ಟದ ಮೇಲೊಂದು ಇದ್ದರೆ ಗುಜರಿಗೆ ಹಾಕಬೇಡಿ, ನನಗೆ ಕೊಡಿ. ಚಾರ್ಜರ್ ಸಮೇತ.