ಬೇಸಿಗೆಯ ಊಟಕ್ಕೆ ಕೆನೆಮೊಸರಿನ ಬ್ರೊಕೊಲಿ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಮನೆಗಳಲ್ಲಿ ಬೇಸಿಗೆಯ ಮಧ್ಯಾಹ್ನ ಮುದ್ದೆ, ಉಪ್ಪುಸಾರಿನ ಬದಿಗೆ ತಂಪಾದುದೊಂದು ಇರಲೇಬೇಕು. ಕೋಸಂಬರಿ, ಮೊಸರುಬಜ್ಜಿ ನಮಗೆ ಹೊಸತಲ್ಲ. ಪೇಟೆಯಿಂದ ರಜೆಗೆ ಬರುವ ಮಕ್ಕಳು ಈಗ ಬ್ರೊಕೊಲಿ ಸಲಾಡ್ ಕೇಳುತ್ತಾರೆ. ಹೂಕೋಸಿನ ಬಳಗದ ತರಕಾರಿ, ಮಾಡಿಕೊಡಲು ಅಡ್ಡಿಯಿಲ್ಲ. ಆದರೆ ಅದಕ್ಕೆ ಬೆರೆಸುವ ಮೇಯನೇಸ್ ಮೂಲತಃ ಎಣ್ಣೆ ಮತ್ತು ಮೊಟ್ಟೆಯ ಹಳದಿಯಿಂದಾದುದೆಂಬುದನ್ನು ಗೃಹಿಣಿಯರು ಅರಿತಿರಬೇಕು. ಮೊಟ್ಟೆಯಿಲ್ಲದ್ದೂ ದೊರೆಯುತ್ತದೆ, ಹಸಿರು ಗುರುತು ನೋಡಿ ಕೊಳ್ಳಬೇಕು. ಇಷ್ಟಲಿಂಗಪೂಜೆ ಮುಗಿಸಿ ಪ್ರಸಾದಕ್ಕೆ ಕೂರುವ ಹಿರಿಯರಿಗೆ ಬಡಿಸುವಾಗ ಸಂದೇಹವೇಕೆ? ಮನೆಯ ಮೊಸರೇ ಸಾಕೆಂಬುದು ನಮ್ಮ ಅಭಿಪ್ರಾಯ.

ಹುಳಿಯಾಗದ ಅರ್ಧ ಲೀಟರ್ ಗಟ್ಟಿಮೊಸರನ್ನು ತೆಳುಬಟ್ಟೆಯಲ್ಲಿ ಕಟ್ಟಿ 2 ಗಂಟೆ ತೂಗುಹಾಕಿರಿ. ಸೆಕೆ ಹೆಚ್ಚಿದ್ದರೆ ಜರಡಿಯಲ್ಲಿಟ್ಟು ಫ್ರಿಜ್ಜಿನಲ್ಲಿರಿಸಿ. ಇಳಿದ ನೀರನ್ನು ಚೆಲ್ಲದೆ ರೊಟ್ಟಿಯ ಹಿಟ್ಟಿಗೆ ಬಳಸಿ. ಕಾಲು ಕಿಲೋ ಬ್ರೊಕೊಲಿಯನ್ನು ಸಣ್ಣ ಹೂಗಳಾಗಿ ಬಿಡಿಸಿ, ಉಪ್ಪು ಬೆರೆಸಿದ ಉಗುರುಬೆಚ್ಚನೆಯ ನೀರಿನಲ್ಲಿ 10 ನಿಮಿಷ ನೆನೆಸಿ ತೊಳೆಯಿರಿ, ಹುಳುಗಳಿದ್ದರೆ ಹೊರಬರುತ್ತವೆ. ಕುದಿಯುವ ನೀರಿನಲ್ಲಿ 2 ನಿಮಿಷ ಮಾತ್ರ ಬೇಯಿಸಿ, ಕೂಡಲೇ ತಣ್ಣೀರಿಗೆ ಹಾಕಿ, ಹಸಿರು ಮಾಸದು. ಬಳಿಕ ಬಟ್ಟೆಯ ಮೇಲೆ ಹರಡಿ ಚೆನ್ನಾಗಿ ಆರಿಸುವುದು ಮುಖ್ಯ. ತೇವ ಉಳಿದರೆ ಕೆನೆಯಂತಿದ್ದ ಮೊಸರು ಮಜ್ಜಿಗೆಯಾದೀತು!

ಮೊಸರಿಗೆ ಕಾಳುಮೆಣಸಿನ ಪುಡಿ, ಚಿಟಿಕೆ ಬೆಲ್ಲ, ಹುರಿದ ಕಡಲೆಕಾಯಿ ಬೀಜ, ಒಣದ್ರಾಕ್ಷಿ ಸೇರಿಸಿ ಹೂಗಳನ್ನು ಬೆರೆಸಿರಿ. ಉಪ್ಪು ಬಡಿಸುವ ಹೊತ್ತಿಗೆ ಸಾಕು. ಬ್ರೊಕೊಲಿ ತಂಪು ಹವೆಯ ಬೆಳೆ. ಬೇಸಿಗೆಯಲ್ಲಿ ಹಳದಿಗಟ್ಟಿದ್ದನ್ನು ಕೊಳ್ಳಬೇಡಿ. ಅಂದು ಅದೇ ಮೊಸರಿಗೆ ಬೀಜ ತೆಗೆದು ಹೆಚ್ಚಿದ ಸೌತೆಕಾಯಿ ಹಾಕಬಹುದು.