ಹೆರಿಗೆ ಕೋಣೆಯ ಬಾಗಿಲಿನ ಅಧಿಕಾರ ಸಿಸ್ಟರ್ ಕೈಗೆ ಬರಲಿ

ಗೋವಾದ ಕುಂಕಳ್ಳಿ ಕೈಗಾರಿಕಾ ವಸಾಹತಿನ ಆಸುಪಾಸಿನ ಬಾಡಿಗೆ ಖೋಲಿಗಳಲ್ಲಿ ಉತ್ತರ ಕರ್ನಾಟಕದಿಂದ ದುಡಿಯಲು ಬಂದ ಕುಟುಂಬಗಳಿವೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿಬಂದ ಹೆಣ್ಣುಮಗಳು ಎರಡನೆಯದಕ್ಕೆ ಹೋಗುವುದು ಕಷ್ಟ. ದೊಡ್ಡ ಮಗುವಿನ ಶಾಲೆ ಇಲ್ಲಿ, ಗಂಡನ ಪಗಾರ ಇಲ್ಲಿ. ನೋವು ಎದ್ದರೆ ಮಡಗಾಂವ್‌ನ ಜಿಲ್ಲಾ ಆಸ್ಪತ್ರೆ, ತೊಡಕಾದರೆ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜು. ಅಲ್ಲಿಯ ಸಿಸ್ಟರ್ ಮಾತಾಡುವುದು ಕೊಂಕಣಿ. ಇವಳಿಗೆ ಬರುವುದು ಬಾಗಲಕೋಟೆಯ ಕನ್ನಡ.

ಈಗ ಹೆರಿಗೆ ಕೋಣೆಯೊಳಗೆ ನೋಡಿ. ‘ತಲಿ ಸಿಡೀತೈತಿ, ಕಣ್ಣು ಮಂಜಾಗ್ಯಾವ’ ಎನ್ನುತ್ತಾಳೆ. ಏರಿದ ರಕ್ತದೊತ್ತಡ ಫಿಟ್ಸ್‌ಗೆ ತಿರುಗುವ ಮುನ್ನ ಕಾಣುವ ಲಕ್ಷಣ ಇದೇ. ತಕ್ಷಣ ಬಿ.ಪಿ. ನೋಡಬೇಕು, ಫಿಟ್ಸ್ ತಡೆಯುವ ಮ್ಯಾಗ್ನೀಷಿಯಂ ಸಲ್ಫೇಟ್ ಕೈಗೆ ಸಿಗುವಂತಿರಬೇಕು. ಮಾತು ಅರ್ಥವಾಗದಿದ್ದರೆ ಅದು ನೋವಿನ ನರಳಾಟವಾಗಿ ಮಾತ್ರ ಕೇಳಿಸುತ್ತದೆ. ಅವಳ ಮಾತನ್ನು ಕೊಂಕಣಿಯಲ್ಲೋ ಹಿಂದಿಯಲ್ಲೋ ದಾಟಿಸಬಲ್ಲ ಗಂಡ ಅಥವಾ ಪಕ್ಕದ ಮನೆಯಾಕೆ ಬಾಗಿಲಾಚೆ ನಿಂತಿರುತ್ತಾರೆ. ಹೆರಿಗೆಯಲ್ಲಿ ಮನೆಯವರೊಬ್ಬರು ಜೊತೆಗಿರಬೇಕು ಎಂಬುದನ್ನು ಭಾವುಕತೆಯೆಂದು ತಳ್ಳಿಹಾಕುವವರು ಇದಕ್ಕೆ ಉತ್ತರ ಹೇಳಲಿ.

ನಿಯಮಕ್ಕೆ ಕೊರತೆಯಿಲ್ಲ. ತಮಿಳುನಾಡು 2004ರಲ್ಲೇ ಹೆರಿಗೆ ಸಂಗಾತಿಯನ್ನು ಒಳಗೆ ಬಿಟ್ಟಿತು. ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಸರ್ಕಾರಿ ಆಸ್ಪತ್ರೆಗಳಿಗೆ ಅನುಮತಿ ಕೊಟ್ಟಿತು. ಹೆರಿಗೆ ಕೋಣೆಗಳ ಗುಣಮಟ್ಟ ಸುಧಾರಿಸಲು ಕೇಂದ್ರ ತಂದ 2017ರ ‘ಲಕ್ಷ್ಯ’ ಕಾರ್ಯಕ್ರಮ, 2018ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಎರಡೂ ಅದನ್ನೇ ಹೇಳಿದವು. ಹದಿನೈದು ಸಾವಿರಕ್ಕೂ ಹೆಚ್ಚು ಗರ್ಭಿಣಿಯರ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ ಕೋಕ್ರೇನ್ ಸಂಸ್ಥೆಯ ವಿಶ್ಲೇಷಣೆಯೂ ಇದೆ: ಎಡೆಬಿಡದೆ ಒಬ್ಬರು ಜೊತೆಗಿದ್ದರೆ ಸಹಜ ಹೆರಿಗೆ ಹೆಚ್ಚುತ್ತದೆ, ಸಿಸೇರಿಯನ್ ತಗ್ಗುತ್ತದೆ.

ಆದರೂ ಎಷ್ಟೋ ಕಡೆ ಆ ಬಾಗಿಲು ತೆರೆಯುವುದು ಡ್ಯೂಟಿಯಲ್ಲಿ ಯಾರಿದ್ದಾರೆ ಎಂಬುದರ ಮೇಲೆ. ಕಾರಣ ನನಗೆ ಸ್ಪಷ್ಟ. ರಾತ್ರಿಯಿಡೀ ಗರ್ಭಿಣಿಯ ಪಕ್ಕದಲ್ಲಿರುವವಳು ನರ್ಸ್, ಏನಾದರೂ ಹೆಚ್ಚುಕಡಿಮೆಯಾದರೆ ಮೊದಲು ನೋಟಿಸ್ ಬರುವುದೂ ಅವಳಿಗೆ. ಯಾರು ಒಳಗೆ ಬರಬೇಕು ಎಂದು ತೀರ್ಮಾನಿಸುವ ಅಧಿಕಾರ ಮಾತ್ರ ಅವಳದಲ್ಲ. ಹೆರಿಗೆ ಕೋಣೆಯಲ್ಲಿ ಪಳಗಿದವಳನ್ನು ಬೇರೆ ವಾರ್ಡಿಗೆ ಎತ್ತಿಹಾಕಬಾರದು ಎಂದು ‘ಲಕ್ಷ್ಯ’ ಹೇಳುತ್ತದೆ, ಡ್ಯೂಟಿ ಪಟ್ಟಿ ಬರೆಯುವಾಗ ಅದು ಮರೆತುಹೋಗುತ್ತದೆ.

ನರ್ಸ್‌ಗಳಿಗೆ ಮುಂದಾಳತ್ವ ಕೊಟ್ಟರೆ ಏನಾಗುತ್ತದೆ ಎಂಬುದನ್ನು ಈ ಕಾರ್ಮಿಕರ ತವರು ಸೀಮೆಯೇ ತೋರಿಸಿದೆ. ಉತ್ತರ ಕರ್ನಾಟಕದ ಎಂಟು ಜಿಲ್ಲೆಗಳಲ್ಲಿ ನಡೆದ ‘ಸುಕ್ಷೇಮ’ ಯೋಜನೆಯಲ್ಲಿ ನರ್ಸ್‌ಗಳೇ ಮಾರ್ಗದರ್ಶಕರಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಹೋಗಿ, ಅಲ್ಲಿಯ ನರ್ಸ್‌ಗಳ ಜೊತೆ ಕೂತು ಕೇಸ್ ಶೀಟ್ ತುಂಬುವುದರಿಂದ ರಕ್ತಸ್ರಾವ ನಿಭಾಯಿಸುವವರೆಗೆ ಕಲಿಸಿದರು. ಕೊಪ್ಪಳದಲ್ಲಿ ಕಡಿಮೆ ತೂಕದ ಕೂಸುಗಳನ್ನು ಎದೆಗೆ ಅಪ್ಪಿಟ್ಟುಕೊಳ್ಳುವ ಕಾಂಗರೂ ಆರೈಕೆ ಜಿಲ್ಲೆಯಾದ್ಯಂತ ಹಬ್ಬಿತು. ಇಂಥ ಆರೈಕೆಯನ್ನು ಹುಟ್ಟಿದ ಕೂಡಲೇ ಶುರುಮಾಡಿದರೆ ಸಾವು ಕಾಲುಭಾಗ ಇಳಿಯುತ್ತದೆ ಎಂದು ದೆಹಲಿಯ ಸಫ್ದರ್‌ಜಂಗ್ ಸೇರಿ ಐದು ಆಸ್ಪತ್ರೆಗಳ ಅಧ್ಯಯನ 2021ರಲ್ಲಿ ಹೇಳಿತು. ದಿನವಿಡೀ ಕೂಸನ್ನು ಹೀಗೆ ಹಿಡಿಯುವುದು ಬಾಣಂತಿ ಒಬ್ಬಳಿಂದಾಗುವ ಕೆಲಸವಲ್ಲ. ಅತ್ತೆ, ಗಂಡ, ತಂಗಿ ಸರದಿಯಲ್ಲಿ ಹಿಡಿಯಬೇಕು. ಅವರಿಗೆ ಅದನ್ನು ಹೇಳಿಕೊಡಬೇಕಾದವಳು ವಾರ್ಡಿನ ಸಿಸ್ಟರ್.

ನೂಕುನುಗ್ಗಲು, ಸೋಂಕು, ಸಿಬ್ಬಂದಿಯ ಮೇಲೆ ಹಲ್ಲೆ ಎಂಬ ಆಕ್ಷೇಪಗಳಿವೆ. ಹಲ್ಲೆಯ ಭಯ ನಿಜ, ಅದನ್ನು ಹಗುರವಾಗಿ ನೋಡಲಾರೆ. ಆದರೆ ಗಂಟೆಗಟ್ಟಲೆ ಏನೂ ತಿಳಿಯದೆ ಹೊರಗೆ ನಿಂತವರ ಆತಂಕವೇ ಸಿಟ್ಟಾಗಿ ತಿರುಗುವುದು. ಕೈ ತೊಳೆದು, ಗೌನ್ ತೊಟ್ಟು, ಮಂಚದ ಪಕ್ಕ ಕೂತ ಒಬ್ಬರಿಂದ ನೂಕುನುಗ್ಗಲಾಗದು.

ನನ್ನ ತಕರಾರು ಇರುವುದು 2016ರ ನಿಯಮದಲ್ಲಿಯೇ. ಸಂಗಾತಿ ಹೆಂಗಸಾಗಿರಬೇಕು, ಹೆತ್ತ ಅನುಭವವಿದ್ದರೆ ಒಳ್ಳೆಯದು, ಉಳಿದವರ ಮರ್ಯಾದೆಗೆ ಧಕ್ಕೆಯಾಗದ ವ್ಯವಸ್ಥೆ ಇದ್ದರೆ ಗಂಡ ಬರಬಹುದು ಎಂದು ಅದು ಹೇಳುತ್ತದೆ. ತುಂಬು ಕುಟುಂಬಕ್ಕೆ ಸರಿ. ಕುಂಕಳ್ಳಿಯ ಖೋಲಿಯಲ್ಲಿ ಅತ್ತೆಯಿಲ್ಲ, ಅವ್ವ ಇಲ್ಲ. ಪಕ್ಕದಾಕೆ ಬಂದರೆ ಅವಳ ಆ ದಿನದ ಕೂಲಿ ಹೋಯಿತು. ಇರುವವನು ಗಂಡನೊಬ್ಬನೇ. ಮಂಚಗಳ ನಡುವೆ ಪರದೆ ಇಲ್ಲ ಎಂಬ ಕಾರಣಕ್ಕೆ ಅವನನ್ನು ಹೊರಗೆ ನಿಲ್ಲಿಸುವುದೆಂದರೆ, ಒಂದು ಬಟ್ಟೆಯ ಖರ್ಚು ಉಳಿಸಲು ಬಡವಳನ್ನು ಒಂಟಿಯಾಗಿಸಿದಂತೆ. ಇದು ಅನ್ಯಾಯ.

ಗೋವಾ ಆರೋಗ್ಯ ಇಲಾಖೆ ಮಾಡಬೇಕಾದ್ದು ದೊಡ್ಡ ಸಾಹಸವೇನಲ್ಲ. ಗರ್ಭಿಣಿ ಬಯಸಿದ ಸಂಗಾತಿಯನ್ನು ಒಳಗೆ ಕರೆಯುವ ಅಧಿಕಾರ ಹೆರಿಗೆ ಕೋಣೆಯ ಇನ್‌ಚಾರ್ಜ್ ಸಿಸ್ಟರ್‌ಗೆ ಇದೆ ಎಂದು ಲಿಖಿತ ಆದೇಶ ಹೊರಡಿಸಬೇಕು. ಆ ತೀರ್ಮಾನಕ್ಕಾಗಿ ಅವಳನ್ನು ದಂಡಿಸಬಾರದು, ಮಂಚಕ್ಕೊಂದು ಪರದೆ ಕೊಡಬೇಕು. ಕರ್ನಾಟಕಕ್ಕೂ ಹೊಣೆಯಿದೆ. ಊರಲ್ಲಿ ಮೊದಲ ತಪಾಸಣೆ ಮಾಡಿಸಿಕೊಂಡವಳು ಗೋವಾಕ್ಕೆ ತರುವ ತಾಯಿ ಕಾರ್ಡ್ ಕನ್ನಡದಲ್ಲಿರುತ್ತದೆ. ರಕ್ತದ ಗುಂಪು, ಬಿ.ಪಿ., ಹಿಂದಿನ ಹೆರಿಗೆಯ ವಿವರಗಳನ್ನಾದರೂ ಇಂಗ್ಲಿಷಿನಲ್ಲೂ ಅಚ್ಚುಹಾಕಿಸಿ, ಮಡಗಾಂವ್‌ನ ಸಿಸ್ಟರ್ ಓದಿಕೊಳ್ಳುವಂತೆ ಮಾಡಬೇಕು.